ಮೂಗಿನ ನೆರಳು ಬೇಡ, ಮೂಗು ಬೇಕು

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಇಪ್ಪತ್ತು ವರ್ಷದಿಂದ ಜಲವರ್ಣದಲ್ಲಿ ಮುಖಗಳನ್ನು ಬರೆಯುತ್ತಿದ್ದೇನೆ. ಈಗ ಮನಸ್ಸು ಮಣ್ಣಿನ ಕಡೆ ಎಳೆಯುತ್ತಿದೆ. ಎರಡು ತಲೆ ಮಾಡಿದೆ. ಎದುರಿನಿಂದ ಚೆನ್ನಾಗಿವೆ, ಪಕ್ಕದಿಂದ ಚಪ್ಪಟೆ. ಒಂದಂತೂ ಸುಡುವಾಗ ಒಡೆದೇ ಹೋಯಿತು. ಇಷ್ಟು ವರ್ಷ ಕಲಿತದ್ದು ದಂಡವಾಯಿತಾ? ಸುಟ್ಟ ಮೇಲೆ ಬಣ್ಣ ಹಚ್ಚಬಹುದಾ?"

ದಂಡ ಅನ್ನುವ ಮಾತನ್ನು ಮೊದಲು ಬಿಡಿ. ಈ ದಾರಿಯಲ್ಲಿ ದೊಡ್ಡವರೇ ನಡೆದಿದ್ದಾರೆ. ಮೃಣಾಲಿನಿ ಮುಖರ್ಜಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ, 1949ರಲ್ಲಿ. ಬರೋಡಾದಲ್ಲಿ ಕಲಿತದ್ದು ಚಿತ್ರಕಲೆ. ಆಮೇಲೆ ಸೆಣಬಿನ ನಾರಿಗೆ ಗಂಟು ಹಾಕಿ ಹಾಕಿ ಆಳೆತ್ತರದ ಶಿಲ್ಪ ಮಾಡಿದರು. ತೊಂಬತ್ತರ ದಶಕದಲ್ಲಿ ಮಣ್ಣಿಗೆ ಬಂದರು, ಅಲ್ಲಿಂದ ಕಂಚಿಗೆ. ಅವರ ಗುರು ಕೆ.ಜಿ. ಸುಬ್ರಮಣ್ಯನ್ ಕೂಡ ಚಿತ್ರಕಾರರೇ. ಲಖನೌದ ರವೀಂದ್ರಾಲಯ ರಂಗಮಂದಿರಕ್ಕೆ 1963ರಲ್ಲಿ ಟೆರಾಕೋಟದ, ಅಂದರೆ ಸುಟ್ಟ ಮಣ್ಣಿನ, ದೊಡ್ಡ ಭಿತ್ತಿಶಿಲ್ಪ ಮಾಡಿದವರು ಅವರು. ಉಲ್ಟಾ ಹೋದವರೂ ಇದ್ದಾರೆ. 1947ರಲ್ಲಿ ಮುಂಬಯಿಯ ಕಲಾವಿದರು ಕಟ್ಟಿದ ಪ್ರೋಗ್ರೆಸಿವ್ ಗುಂಪಿನ ಸದಾನಂದ ಬಾಕ್ರೆ ಶಿಲ್ಪಿಯಾಗಿ ಶುರುಮಾಡಿ ಚಿತ್ರಕ್ಕೆ ಬಂದವರು.

ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲೇ ಬಾಳಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಮತ್ತೆ ತೆಗೆದು ನೋಡಿ. ನಾಲ್ಕೇ ಗೆರೆ. ಆದರೂ ಸೊಂಟ ಎತ್ತ ತಿರುಗಿದೆ, ಮೈಭಾರ ಯಾವ ಕಾಲಿನ ಮೇಲಿದೆ ಅಂತ ಗೊತ್ತಾಗುತ್ತದೆ. ಗೆರೆಯಲ್ಲಿ ಭಾರ ಕಾಣುವ ಕಣ್ಣು ಮಣ್ಣಿಗೂ ಬೇಕು. ನೀವು ಬಿಡಬೇಕಾದದ್ದು ಗೆರೆಯನ್ನಲ್ಲ. ಒಂದೇ ಕಡೆ ನಿಂತು ನೋಡುವ ಚಾಳಿಯನ್ನು.

ಮೂಗನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ ಅದರ ಕೆಳಗೊಂದು ಗಾಢ ಬಣ್ಣದ ಗೀರು ಎಳೆದರೆ ಸಾಕು, ಮೂಗು ಎದ್ದು ನಿಲ್ಲುತ್ತದೆ. ಬೆಳಕು ಎಲ್ಲಿಂದ ಬರಬೇಕು ಅಂತ ಅಲ್ಲಿ ನೀವೇ ತೀರ್ಮಾನಿಸಿರುತ್ತೀರಿ. ಮಣ್ಣಿನಲ್ಲಿ ಬೆಳಕು ಕಿಟಕಿಯದು, ಟ್ಯೂಬ್‌ಲೈಟಿನದು. ಹಳೇ ಅಭ್ಯಾಸದಿಂದ ಮೂಗಿನ ಕೆಳಗೆ ಕಡ್ಡಿಯಲ್ಲಿ ಗೀರಿದರೆ ಎದುರಿನಿಂದ ನೆರಳು ಅಂತಲೇ ಅನಿಸುತ್ತದೆ. ದೀಪ ಒಂದು ಮೊಳ ಸರಿಸಿ, ಅದು ಬರೀ ಗೀರು. ನೆರಳನ್ನು ಕೊರೆಯಬೇಡಿ, ನೆರಳು ತಾನೇ ಬೀಳುವಷ್ಟು ಮೂಗನ್ನು ಮುಂದಕ್ಕೆ ತನ್ನಿ. ಕಣ್ಣಿಗೂ ಅಷ್ಟೇ: ಮೊದಲು ಗುಡ್ಡೆ ಕೂರಿಸಿ, ಆಮೇಲೆ ಅದರ ಮೇಲೆ ರೆಪ್ಪೆ ಹೊದಿಸಿ. ಇನ್ನು ಕಿವಿ. ಮುಖಚಿತ್ರ ಬರೆದು ರೂಢಿಯಾದವರು ಅದನ್ನು ತೀರಾ ಮುಂದೆ ಅಂಟಿಸಿಬಿಡುತ್ತಾರೆ. ಮನೆಯಲ್ಲಿ ಯಾರನ್ನಾದರೂ ಪಕ್ಕದಿಂದ ನೋಡಿ. ಕಿವಿ ತಲೆಯ ನಡುಮಧ್ಯಕ್ಕಿಂತ ಸ್ವಲ್ಪ ಹಿಂದಿದೆ, ಅದರ ಹಿಂದೆ ಇನ್ನೂ ಅಷ್ಟೊಂದು ತಲೆಯಿದೆ, ಅಲ್ವಾ? ನಿಮ್ಮ ತಲೆಗಳು ಚಪ್ಪಟೆಯಾದದ್ದು ಇಲ್ಲೇ ಇರಬೇಕು. ತಿರುಗುವ ಹಲಗೆಯೊಂದನ್ನು ತಂದುಕೊಳ್ಳಿ. ಕೈ ಒಂದೇ ಕಡೆ ಜಾಸ್ತಿ ಹೊತ್ತು ನಿಂತರೆ ಹಲಗೆ ತಿರುಗಿಸಿ.

ಒಡೆದದ್ದಕ್ಕೆ ಬೇಜಾರಾಗಬೇಡಿ. ಗಟ್ಟಿ ಮುದ್ದೆಯನ್ನು ಹಾಗೇ ಸುಟ್ಟಿರಬೇಕು, ಇಲ್ಲವೇ ಒಳಗೆ ಹಸಿ ಇದ್ದಿರಬೇಕು. ನೂರು ಡಿಗ್ರಿ ದಾಟಿದರೆ ಒಳಗಿನ ನೀರು ಆವಿಯಾಗುತ್ತದೆ, ದಾರಿ ಸಿಗದಿದ್ದರೆ ಸಿಡಿಸುತ್ತದೆ. ಮಣ್ಣು ಅರೆ ಒಣಗಿದಾಗ ತಲೆಯನ್ನು ತಂತಿಯಲ್ಲಿ ಕತ್ತರಿಸಿ, ಒಳಗೆಲ್ಲ ತೋಡಿ, ಹೆಬ್ಬೆರಳಿನ ದಪ್ಪ ಉಳಿಸಿ. ಅಂಚುಗಳನ್ನು ಗೀರಿ, ನೀರಲ್ಲಿ ತೆಳ್ಳಗೆ ಕಲಸಿದ ಮಣ್ಣು ಹಚ್ಚಿ ಮತ್ತೆ ಕೂಡಿಸಿ. ಗಾಳಿಯಾಡಲು ಮರೆಯಲ್ಲೊಂದು ತೂತು ಇರಲಿ. ಆಧಾರಕ್ಕೆ ಇಟ್ಟ ಕಂಬಿಯನ್ನು ಹೊರಗೆ ತೆಗೆಯಿರಿ. ಒಣಗುವಾಗ ಮಣ್ಣು ಕುಗ್ಗುತ್ತದೆ, ಕಂಬಿ ಕುಗ್ಗುವುದಿಲ್ಲ, ಬಿರುಕು ಬಿಡುತ್ತದೆ. ನಮ್ಮ ಮಳೆಗಾಲದಲ್ಲಂತೂ ಅವಸರ ಬೇಡವೇ ಬೇಡ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗಿನ್ನೂ ನೀರಿದೆ ಅಂತಲೇ ಲೆಕ್ಕ. ಟೆರಾಕೋಟಕ್ಕೆ 900ರಿಂದ 1000 ಡಿಗ್ರಿ ಬೇಕು, ಮೆಲ್ಲಗೆ ಏರಬೇಕು. ಗಣಪತಿಗೆ ತರುವ ಶಾಡು ಮಣ್ಣು ಒಣಗಿಸಿಡುವ ಕೆಲಸಕ್ಕೆ ಸರಿ, ಸುಡಲು ಬೇರೆ ಮಣ್ಣು ತನ್ನಿ. ಧಾರಾವಿಯ ಕುಂಬಾರವಾಡಕ್ಕೆ ಒಮ್ಮೆ ಹೋಗಿಬನ್ನಿ. ಸೌರಾಷ್ಟ್ರ ಮೂಲದ ಕುಂಬಾರರು ಮಣ್ಣು ಹದ ಮಾಡುವುದನ್ನು ಸುಮ್ನೆ ನಿಂತು ನೋಡಿದರೂ ಕಲಿಯುವುದು ಬಹಳ ಇದೆ.

ಬಣ್ಣ ಹಚ್ಚಬಹುದಾ ಅಂತ ಕೇಳಿದ್ದೀರಿ. ಹಚ್ಚಬಹುದು. ಆದರೆ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕುಂಚ ಕೈಯಲ್ಲಿದ್ದರೆ ಮಣ್ಣಿನಲ್ಲಿ ತಗ್ಗಾಗದ ಕಡೆ ಕಂದು ಬಣ್ಣದಲ್ಲಿ ತಗ್ಗು ತೋರಿಸಲು ಮನಸ್ಸಾಗುತ್ತದೆ. ಈ ವರ್ಷದ ತಲೆಗಳು ಸುಟ್ಟ ಮಣ್ಣಿನ ಬಣ್ಣದಲ್ಲೇ ಇರಲಿ. ಮುಂದಿನದನ್ನು ಮಾಡಿದಾಗ ಫೋಟೋ ಕಳಿಸಿ, ಹಿಂಬದಿಯದೂ ಸೇರಿ.

— ಸಂಪಾದಕ