ಟೆಸ್ಟಿಂಗ್ ಬಿಟ್ಟು ಟೀಚಿಂಗ್‌ಗೆ ಹೋಗ್ಲಾ?

ಪ್ರಶ್ನೆ: ಮೇಡಂ, ನಮಸ್ತೆ. ನನಗೆ 34. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ, ಒಟ್ಟು ಹನ್ನೊಂದು ವರ್ಷ ಆಯ್ತು, ಈಗಿರೋ ಕಂಪನಿಗೆ ಸೇರಿ ನಾಲ್ಕೂಮುಕ್ಕಾಲು ವರ್ಷ. ಕೈಗೆ 95 ಸಾವಿರ ಬರುತ್ತೆ, 38 ಸಾವಿರ ಮನೆ ಲೋನ್ ಇಎಂಐ. ಹೆಂಡತಿ ಮನೇಲೇ ಇರ್ತಾಳೆ, ಮಗಳು ಯುಕೆಜಿ. ದಿನಾ ಯಾರೋ ಎಲ್ಲೋ ಒತ್ತೋ ಬಟನ್ ಸರಿ ಇದ್ಯಾ ಅಂತ ನೋಡಿ ನೋಡಿ, ಇದರಿಂದ ಯಾರಿಗೇನು ಬಂತು ಅಂತ ಅನ್ಸೋಕೆ ಶುರುವಾಗಿದೆ. ನಮ್ಮೂರು ತಿಪಟೂರು ಹತ್ರ, ಅಲ್ಲಿ ಸರ್ಕಾರಿ ಶಾಲೇಲಿ ಮಕ್ಕಳಿಗೆ ಗಣಿತ ಹೇಳ್ಕೊಡ್ಬೇಕು ಅಂತ ಆಸೆ. ಮನೇಲಿ ಹೇಳಿಲ್ಲ. ರಿಸೈನ್ ಮಾಡಿ ಆಮೇಲೆ ಹೇಳಿದ್ರೆ ಒಪ್ಕೋತಾಳೆ ಅನ್ಸುತ್ತೆ. ಏನ್ ಮಾಡ್ಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕೊನೇ ಸಾಲಿಂದಲೇ ಶುರು ಮಾಡ್ತೀನಿ. ರಿಸೈನ್ ಮಾಡಿ ಆಮೇಲೆ ಹೇಳಿದ್ರೆ ಅದು ಒಪ್ಪಿಗೆ ಕೇಳಿದ ಹಾಗೆ ಹೇಗಾಗುತ್ತೆ, ಸುದ್ದಿ ಮುಟ್ಟಿಸಿದ ಹಾಗಾಯ್ತು ಅಷ್ಟೆ. ಈ ವಾರವೇ ಹೇಳಿ, ಲೆಕ್ಕದ ಸಮೇತ ಹೇಳಿ. ಅವರಿಗೂ ಮತ್ತೆ ಕೆಲಸಕ್ಕೆ ಹೋಗ್ಬೇಕು ಅಂತ ಇದ್ದಿರಬಹುದು, ನೀವು ಕೇಳೇ ಇಲ್ವಲ್ಲ.

ಇನ್ನು ದಾರಿ. ಬಿ.ಎಡ್ ಇಲ್ದೆ ಆಗಲ್ಲ, ಅದು 2015ರಿಂದ ಎರಡು ವರ್ಷದ ಕೋರ್ಸ್. ಬಿಇ ಮಾಡಿದೋರೂ ಸೇರ್ಬಹುದು, 55 ಪರ್ಸೆಂಟ್ ಇರ್ಬೇಕು. ಕೆಲಸ ಮಾಡ್ತಾನೇ ದೂರಶಿಕ್ಷಣದಲ್ಲಿ ಮುಗಿಸ್ತೀನಿ ಅನ್ಕೊಂಡಿದ್ರೆ ಅದು ಬಿಟ್ಬಿಡಿ, ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಬಿ.ಎಡ್ ಇರೋದು ಈಗಾಗ್ಲೇ ಶಿಕ್ಷಕ ತರಬೇತಿ ಆಗಿರೋರಿಗೆ. ‘ಕಾಲೇಜಿಗೆ ಬರೋದೇ ಬೇಡ ಸಾರ್, ಫೀಸ್ ಕಟ್ಟಿ ಸಾಕು’ ಅನ್ನೋರು ಸಿಗ್ತಾರೆ, ಅವರ ಹತ್ರ ಹೋಗ್ಬೇಡಿ, ಪಾಠ ಮಾಡೋದನ್ನ ಕಲೀದೇ ಪಾಠ ಮಾಡೋಕೆ ಹೋಗೋದಾದ್ರೆ ಈಗಿರೋ ಕೆಲಸವೇ ಮೇಲು.

ಆಮೇಲೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಬಿ.ಎಡ್ ಮಾಡಿದೋರಿಗೆ ಒಂದರಿಂದ ಐದನೇ ಕ್ಲಾಸ್ ಇಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಹಾಗಾಗಿ ನಿಮಗೆ ಆರರಿಂದ ಎಂಟನೇ ಕ್ಲಾಸಿನ ಎರಡನೇ ಪೇಪರ್. 150 ಅಂಕ, ಅದ್ರಲ್ಲಿ ಗಣಿತ-ವಿಜ್ಞಾನಕ್ಕೆ 60, ಸಾಮಾನ್ಯ ವರ್ಗ ಆದ್ರೆ 90 ಬರ್ಬೇಕು. ಒಮ್ಮೆ ಪಾಸಾದ್ರೆ ಜೀವನಪೂರ್ತಿ ನಡೆಯುತ್ತೆ. ಪಾಸಾದೋರಿಗೆಲ್ಲ ಕೆಲಸ ಅಂತಲ್ಲ, ನೇಮಕಾತಿ ಬರ್ಬೇಕು. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ಕರೆದಿದ್ರು, ಅಂಥದ್ದು ವರ್ಷ ವರ್ಷ ಬರಲ್ಲ. ನೋಟಿಫಿಕೇಶನ್ ಬಂದಾಗ ಬಿಇಗೆ ಅವಕಾಶ ಇದ್ಯಾ, ವಯಸ್ಸಿನ ಮಿತಿ ಎಷ್ಟು ಅಂತ ಮೊದಲು ನೋಡಿ. ಅಲ್ಲೀವರೆಗೆ ಅತಿಥಿ ಶಿಕ್ಷಕರಾದ್ರೆ ಗೌರವಧನ ಹತ್ತು-ಹನ್ನೆರಡು ಸಾವಿರದ ಆಸುಪಾಸು, ಎಷ್ಟೋ ಖಾಸಗಿ ಶಾಲೇಲೂ ಇಪ್ಪತ್ತೈದು ದಾಟಲ್ಲ. ನಿಮ್ಮ ಇಎಂಐ 38. ಇಷ್ಟೇ ವಿಷಯ, ಇದಕ್ಕೆ ಉತ್ತರ ಇಲ್ದೆ ಬಿಡೋ ಹಾಗಿಲ್ಲ: ಮನೆ ಬಾಡಿಗೆಗೆ ಕೊಟ್ಟು ಊರಿಗೆ ಹೋಗ್ತೀರಾ, ಮಾರ್ತೀರಾ, ಇಲ್ಲಾ ಮೂರ್ನಾಲ್ಕು ವರ್ಷ ಇಲ್ಲೇ ದುಡಿದು ಲೋನ್ ಇಳಿಸ್ತೀರಾ. ನಾನಾಗಿದ್ರೆ ಕೊನೇದನ್ನ ಮಾಡ್ತಿದ್ದೆ.

ಯಾವಾಗ ಬಿಟ್ರೂ ಐದು ವರ್ಷ ತುಂಬಿಸಿ ಬಿಡಿ, ಗ್ರಾಚ್ಯುಟಿ, ಅಂದ್ರೆ ಅಷ್ಟು ವರ್ಷ ದುಡಿದೋರಿಗೆ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಕಳ್ಕೋಬೇಡಿ. ಬೇಸಿಕ್ 40 ಸಾವಿರ ಅಂದ್ಕೊಂಡ್ರೂ ಐದು ವರ್ಷಕ್ಕೆ 1.15 ಲಕ್ಷ ಆಗುತ್ತೆ, ಬಿ.ಎಡ್ ಫೀಸಿಗೆ ಆದೀತು. ಪಿಎಫ್ ಮುರೀಬೇಡಿ. ಕಂಪನಿ ಇನ್ಶೂರೆನ್ಸ್ ನೀವು ಬಿಟ್ಟ ದಿನವೇ ನಿಲ್ಲುತ್ತೆ, ಅದಕ್ಕೆ ಮುಂಚೇನೇ ಸ್ವಂತದ್ದೊಂದು ಮಾಡಿಸ್ಕೊಳ್ಳಿ.

ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ಸರ್ಕಾರಿ ಶಾಲೆ ಅಂದ್ರೆ ಬರೀ ಬೋರ್ಡು-ಚಾಕ್‌ಪೀಸ್ ಅಲ್ಲ. ಎಸ್‌ಎಟಿಎಸ್‌ನಲ್ಲಿ (ಶಾಲೆ ಮಕ್ಕಳ ವಿವರ ಇಡೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಡೇಟಾ ತುಂಬೋದು, ಬಿಸಿಯೂಟ-ಮೊಟ್ಟೆ ಲೆಕ್ಕ, ಚುನಾವಣೆ ಡ್ಯೂಟಿ ಎಲ್ಲಾ ಇರುತ್ತೆ, 2025ರ ದಸರಾ ರಜೇಲಿ ಟೀಚರ್‌ಗಳು ಮನೆ ಮನೆ ಸಮೀಕ್ಷೆಗೆ ಅಲೆದಿದ್ದು ನೋಡಿದ್ವಲ್ಲ. ಅಲ್ಲೂ ‘ಇದರಿಂದ ಯಾರಿಗೇನು ಬಂತು’ ಅನ್ನೋ ದಿನಗಳು ಇದ್ದೇ ಇರ್ತವೆ. ಅದಕ್ಕೆ, ನೋಟಿಸ್ ಕೊಡೋಕೆ ಮುಂಚೆ ಒಂದಷ್ಟು ಶನಿವಾರ, ಸಾಧ್ಯ ಆದ್ರೆ ರಜೆ ಹಾಕಿ ಒಂದಿಡೀ ವಾರ, ಊರಿನ ಹೆಡ್‌ಮಾಸ್ಟರ್‌ನ ಕೇಳ್ಕೊಂಡು ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳ್ಕೊಡಿ. ಊಟ ಆದ್ಮೇಲಿನ ಪೀರಿಯಡ್ಡೇ ತಗೊಳ್ಳಿ. ಛೇದ ಬೇರೆ ಬೇರೆ ಇದ್ರೂ ಮೇಲೆ ಕೆಳಗೆ ಎರಡನ್ನೂ ಕೂಡಿ ಕೂರಿಸೋ ಹುಡುಗನಿಗೆ ನಾಲ್ಕನೇ ಸಲ ಹೇಳುವಾಗ ನಿಮಗೆ ಸಿಟ್ಟು ಬರುತ್ತಾ, ಇಲ್ಲಾ ಇವನಿಗೆ ಬೇರೆ ಥರ ಹೇಗೆ ಹೇಳ್ಲಿ ಅಂತ ತಲೆ ಓಡುತ್ತಾ, ನೋಡ್ಕೊಳ್ಳಿ. ತಲೆ ಓಡಿದ್ರೆ ಬಿ.ಎಡ್ ಅರ್ಜಿ ತಗೊಳ್ಳಿ.

ಪ್ರಶ್ನೆ: ಎನ್‌ಜಿಒ ಇಂಟರ್ವ್ಯೂನಲ್ಲಿ ಸಂಬಳ ಎಷ್ಟು ಅಂತ ಕೇಳಿದ್ರೆ ಸೇವಾ ಮನೋಭಾವ ಇಲ್ಲ ಅನ್ಕೊತಾರಾ?
— ಓದುಗಿ, ಧಾರವಾಡ

ಉತ್ತರ: ಅನ್ಕೊಂಡ್ರೆ ಅನ್ಕೊಳ್ಳಲಿ, ಕೇಳಿ. ಜೊತೆಗೆ ಪಿಎಫ್ ಇದ್ಯಾ, ಈ ಹುದ್ದೆ ಯಾವ ಪ್ರಾಜೆಕ್ಟ್ ಫಂಡಿಂದ ನಡೀತಿದೆ, ಆ ಫಂಡ್ ಯಾವಾಗ ಮುಗಿಯುತ್ತೆ ಅಂತಾನೂ ಕೇಳಿ, ಎಷ್ಟೋ ಕಡೆ ಪ್ರಾಜೆಕ್ಟ್ ಮುಗಿದ ತಿಂಗಳೇ ಕೆಲಸವೂ ಮುಗಿಯುತ್ತೆ.