ಚಳಿ ಬಂತು, ಬೆಲ್ಲ ಊಟ ಬಿಡ್ತು
(ಸಾಕುಪ್ರಾಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ನಮಸ್ಕಾರ ಸರ್, ನಮ್ಮನೇಲಿ ಒಂದು ಲೆಪರ್ಡ್ ಗೆಕ್ಕೊ (ಮೈಮೇಲೆ ಚುಕ್ಕೆ ಇರೋ ಒಂದು ಜಾತಿ ಹಲ್ಲಿ) ಇದೆ, ಗಂಡು, ಮೂರು ವರ್ಷದ್ದು, ಹೆಸರು ಬೆಲ್ಲ. ಅಣ್ಣ ಬೆಂಗಳೂರಲ್ಲಿ ಸಾಕಿದ್ದ, ಕೆಲಸಕ್ಕೆ ಅಂತ ದೂರ ಹೋಗೋವಾಗ ನಂಗೆ ಕೊಟ್ಟು ಹೋದ. ಮಳೆಗಾಲ ಪೂರ್ತಿ ಚೆನ್ನಾಗೇ ತಿಂತಿತ್ತು, ದೀಪಾವಳಿ ಕಳೆದು ಹತ್ತು ದಿನಕ್ಕೆ ಶುರುವಾಯ್ತು ನೋಡಿ, ಅದಕ್ಕೆ ಹಾಕೋ ಮೀಲ್‌ವರ್ಮ್ ಹುಳ ಮುಂದಿಟ್ರೆ ಮುಖ ತಿರುಗಿಸಿ ತನ್ನ ಗೂಡಿಗೆ ಹೋಗ್ಬಿಡತ್ತೆ. ಇವತ್ತಿಗೆ ಐದು ವಾರ. ತೂಕ 68 ಗ್ರಾಂ ಇದ್ದಿದ್ದು 65 ಆಗಿದೆ. ಅಮ್ಮ ದೃಷ್ಟಿ ತಾಗಿದೆ ಅಂತ ಉಪ್ಪು ಮೆಣಸು ನಿವಾಳಿಸಿದ್ರು, ಅಜ್ಜಿ ಅಂತೂ ಗೋಡೆ ಮೇಲೆ ಪುಕ್ಸಟ್ಟೆ ಇಷ್ಟು ಹಲ್ಲಿ ಇರುವಾಗ ಇದನ್ನ ಎಂತಕ್ಕೆ ಸಾಕೋದು ಅಂತ ದಿನಾ ಬೈತಾರೆ. ಬಾಯಿ ಬಿಡಿಸಿ ತಿನ್ನಿಸ್ಲಾ? ತೋಟದ ಮಿಡತೆ ಹಿಡಿದು ಹಾಕಿದ್ರೆ ತಿನ್ನಬಹುದಾ?
ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ಬಾಯಿ ಬಿಡಿಸೋ ಕೆಲಸ ಮಾತ್ರ ಮಾಡ್ಬೇಡಿ. ನಾನು ಮಾಡಿ ಅನುಭವಿಸಿದೀನಿ. ಕಾರವಾರದಲ್ಲಿ ನಾನು ಸಾಕಿದ ಮೊದಲನೇ ಗೆಕ್ಕೊ ಹೀಗೇ ಡಿಸೆಂಬರಲ್ಲಿ ಊಟ ಬಿಟ್ಟಾಗ ತಡೆಯಕ್ಕಾಗ್ದೆ ಹಲ್ಲು ಕಡ್ಡಿಯಲ್ಲಿ ಬಾಯಿ ಬಿಡಿಸಿ ಎರಡು ಹುಳ ತುರುಕಿದ್ದೆ, ಆವತ್ತು ರಾತ್ರಿ ಕರೆಂಟ್ ಬೇರೆ ಹೋಗಿ ಡಬ್ಬಿ ಕೆಳಗಿನ ಹೀಟ್ ಮ್ಯಾಟ್ (ಕರೆಂಟಲ್ಲಿ ಬಿಸಿಯಾಗೋ ಹಾಸು) ತಣ್ಣಗಾಗಿತ್ತು, ಬೆಳಿಗ್ಗೆ ನೋಡಿದ್ರೆ ಎರಡೂ ಹುಳ ಒಂಚೂರೂ ಕರಗದೆ, ಕಾಲು ಸಮೇತ, ನೀರಿನ ಬಟ್ಟಲ ಪಕ್ಕ ವಾಂತಿ ಆಗಿ ಬಿದ್ದಿದ್ವು. ಅದಕ್ಕೆ ಹಸಿವೇ ಇರ್ಲಿಲ್ಲ, ಕಳವಳ ಇದ್ದಿದ್ದು ನಂಗೆ.

ಇದರ ಮೈ ಲೆಕ್ಕ ನಮ್ಮ ಥರ ಅಲ್ಲ. ನಮಗೆ ಚಳಿ ಆದ್ರೆ ಹಸಿವು ಜಾಸ್ತಿ, ಅದಕ್ಕೆ ಉಲ್ಟಾ. ಮೈ ಬಿಸಿಯನ್ನ ಅದು ಒಳಗೆ ಹುಟ್ಟಿಸ್ಕೊಳ್ಳಲ್ಲ, ನೆಲದಿಂದ ತಗೊಳ್ಳತ್ತೆ, ಹೊಟ್ಟೆ ಬಿಸಿ ಇದ್ರೇನೇ ತಿಂದಿದ್ದು ಅರಗೋದು, ಇಲ್ಲಾಂದ್ರೆ ಒಳಗೇ ಕೊಳೆಯತ್ತೆ. ಹಾಗಾಗಿ ಚಳಿ ಬಿದ್ದಾಗ ಊಟ ಬಿಡೋದು ಅದರ ಬುದ್ಧಿವಂತಿಕೆ. ಅದರ ಮೂಲ ಊರು ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯುವ್ಯ ಭಾಗದ ಒಣ ಕಲ್ಲುಗುಡ್ಡಗಳು, ಅಲ್ಲಿ ಚಳಿಗಾಲದಲ್ಲಿ ಕಲ್ಲಿನ ಸಂದೀಲಿ ಸೇರ್ಕೊಂಡು ಬಾಲದ ಕೊಬ್ಬು ಕರಗಿಸ್ಕೊಂಡು ಬಿದ್ದಿರತ್ತೆ. ನಿಮ್ಮ ಬೆಲ್ಲ ಡಬ್ಬಿಯಲ್ಲೇ ಹುಟ್ಟಿದ್ರೂ ಹಗಲು ಗಿಡ್ಡ ಆಗೋದು, ರಾತ್ರಿ ತಣ್ಣಗಾಗೋದು ಅದಕ್ಕೆ ಗೊತ್ತಾಗತ್ತೆ. ಮೊದಲನೇ ವರ್ಷ ಘಟ್ಟದ ಚಳಿ ನೋಡ್ತಿದೆ ಬೇರೆ. ಗಂಡಾದ್ರೆ ಜನವರಿ ದಾಟಿದ ಮೇಲೆ ಇನ್ನೊಂದು ಕಾಟ, ಹೆಣ್ಣಿನ ಧ್ಯಾನದಲ್ಲಿ ಗಾಜು ಕೆರೀತಾ ಊಟ ಮರೆಯೋ ಗಂಡುಗಳೂ ಇದಾವೆ.

ಈಗ ನಿಮ್ಮ ಬೆಲ್ಲನ ವಿಷಯ. 68ರಲ್ಲಿ 3 ಗ್ರಾಂ ಅಂದ್ರೆ ನೂರಕ್ಕೆ ಐದೂ ಆಗ್ಲಿಲ್ಲ. ಐದು ವಾರಕ್ಕೆ ಇದು ಏನೇನೂ ಅಲ್ಲ. ಅಡುಗೆಮನೆ ತೂಕದ ಮಷಿನ್ ಮೇಲೆ ಐಸ್‌ಕ್ರೀಮ್ ಡಬ್ಬಿ ಇಟ್ಟು ಝೀರೋ ಮಾಡಿ, ವಾರಕ್ಕೊಂದ್ಸಲ, ಒಂದೇ ಹೊತ್ತಲ್ಲಿ ತೂಗಿ ಕ್ಯಾಲೆಂಡರ್ ಮೇಲೆ ಬರೀರಿ. ಆಮೇಲೆ ಬಾಲ ನೋಡಿ, ಬುಡದಲ್ಲಿ ಕುತ್ತಿಗೆಯಷ್ಟಾದ್ರೂ ದಪ್ಪ ಇದ್ಯಾ, ಒತ್ತಿದ್ರೆ ತುಂಬಿದ ಹಾಗಿದ್ಯಾ? ಇದ್ರೆ ಅದರ ಕಣಜ ತುಂಬಿದೆ ಅಂತ ಅರ್ಥ, ನೀವು ಹುಳ ಎಣಿಸೋದು ಬಿಡಿ.

ನಂಗೆ ಅನುಮಾನ ಇರೋದು ಡಬ್ಬಿ ಇಟ್ಟ ಜಾಗದ ಮೇಲೆ. ಹಂಚಿನ ಮನೆ ಜಗಲಿ ಮೇಲಿದ್ರೆ ಇವತ್ತೇ ಒಳಗಿನ ಕೋಣೆಗೆ ತನ್ನಿ. ಹೀಟ್ ಮ್ಯಾಟ್ ಡಬ್ಬಿಯ ಒಂದು ತುದಿಗೆ ಮಾತ್ರ ಇರ್ಲಿ, ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದ ಹಾಗೆ ನೋಡ್ಕೊಳ್ಳೋ ಸಾಧನ) ಇಲ್ದೆ ಹಾಕ್ಬೇಡಿ, ಹೊಟ್ಟೆ ಸುಟ್ಟುಕೊಂಡ ಕೇಸ್ ನೋಡಿದೀನಿ. ಬಿಸಿ ತುದಿಯ ನೆಲ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರ ಆಸುಪಾಸು. ಇದನ್ನ ಗಾಜಿಗೆ ಅಂಟಿಸೋ ಮೀಟರಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ, ಅದು ಗಾಳಿ ಬಿಸಿ ಹೇಳತ್ತೆ, ಪ್ರೋಬ್ (ವೈರಿನ ತುದೀಲಿರೋ ಬಿಸಿ ಅಳೆಯೋ ಮೊನೆ) ಇರೋದು ತಂದು ನೆಲಕ್ಕೆ ತಾಗಿಸಿ. ಕರೆಂಟ್ ಹೋದ ರಾತ್ರಿ ಬಾಟಲಿಗೆ ಬಿಸಿನೀರು ತುಂಬಿಸಿ ಪಂಚೆ ಸುತ್ತಿ ಡಬ್ಬಿಗೆ ಹೊರಗಿಂದ ಒರಗಿಸಿಡಿ, ಸಾಕು. ನೀರು ದಿನಾ ಬದಲಾಯಿಸಿ, ಬಾಟಲಿ ಮುಚ್ಚಳದಲ್ಲಿ ಒಂಚೂರು ಕ್ಯಾಲ್ಸಿಯಂ ಪೌಡರ್ ಇಡಿ, ವಾರಕ್ಕೊಮ್ಮೆ ಎರಡು ಹುಳ ತೋರ್ಸಿ, ತಿನ್ಲಿಲ್ವಾ, ತೆಗೀರಿ. ಕ್ರಿಕೆಟ್ ಹುಳ ರಾತ್ರಿಯಿಡೀ ಒಳಗೆ ಬಿಟ್ರೆ ಅವೇ ಗೆಕ್ಕೊನ ಕಚ್ತವೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗೋ ಹೊತ್ತಿಗೆ ನಮ್ಮ ಆ ಗೆಕ್ಕೊ ತಾನಾಗೇ ಗೂಡಿಂದ ಇಣುಕಿ ಬಾಲದ ತುದಿ ನಡುಗಿಸ್ತಾ ಹುಳದ ಮೇಲೆ ಹಾರಿತ್ತು. ಬೆಲ್ಲನೂ ಹಾಗೇ ಮಾಡೋ ಸಾಧ್ಯತೆ ಜಾಸ್ತಿ.

ತೋಟದ ಮಿಡತೆ ಬೇಡ. ಅಡಿಕೆ ತೋಟಕ್ಕೆ ಕೊಳೆರೋಗಕ್ಕೆ ಅಂತ ಬೋರ್ಡೋ ದ್ರಾವಣ ಹೊಡೀತೀರಿ, ಮೈಲುತುತ್ತ ಅದು, ಪಕ್ಕದ ತೋಟದವರು ಇನ್ನೇನು ಹೊಡೆದಿದಾರೋ ಯಾರಿಗೆ ಗೊತ್ತು. ಮುಂಗಾರಿಗೆ ಮುಂಚೆ ಮರದ ತುಂಬ ಮಿಣುಕುಹುಳ ಬರತ್ತಲ್ಲ, ಅದನ್ನಂತೂ ತಮಾಷೆಗೂ ಹಾಕ್ಬೇಡಿ, ಕೆಲವು ಜಾತಿ ಮಿಣುಕುಹುಳದಲ್ಲಿ ಇರೋ ವಿಷಕ್ಕೆ ಇದಕ್ಕಿಂತ ದೊಡ್ಡ ಓತಿಗಳೇ ಸತ್ತಿದಾವೆ.

ಡಾಕ್ಟರ ಹತ್ರ ಯಾವಾಗ ಓಡ್ಬೇಕು ಅಂದ್ರೆ, ತೂಕ 61ಕ್ಕೆ ಇಳಿದ್ರೆ, ಬಾಲ ಕಡ್ಡಿ ಥರ ಆಗ್ತಾ ಬಂದ್ರೆ, ನಾರೋ ತೆಳು ಕಕ್ಕ, ವಾಂತಿ, ಗುಳಿಬಿದ್ದ ಕಣ್ಣು, ಇದರಲ್ಲಿ ಒಂದು ಕಂಡ್ರೂ ಶಿವರಾತ್ರಿ ಕಾಯ್ಬೇಡಿ. ಆವತ್ತಿನ ಕಕ್ಕ ಸಣ್ಣ ಡಬ್ಬೀಲಿ ತಗೊಂಡು ಹೋಗಿ, ಹೊಟ್ಟೆಹುಳದ ಟೆಸ್ಟ್ ಮೊದಲು ಆಗ್ಲಿ. ವರ್ಷ ತುಂಬದ ಮರಿಗೆ ಮೇಲೆ ಹೇಳಿದ ಸಮಾಧಾನ ಯಾವುದೂ ಅನ್ವಯ ಆಗಲ್ಲ, ಅದರ ಬಾಲದಲ್ಲಿ ಅಷ್ಟು ದಾಸ್ತಾನು ಇರಲ್ಲ.

ಅಜ್ಜಿಗೆ ಹೇಳಿ, ಗೋಡೆ ಹಲ್ಲಿಗೆ ಕಣ್ಣುರೆಪ್ಪೆ ಇಲ್ಲ, ಬೆಲ್ಲನಿಗೆ ಇದೆ, ಕಣ್ಣು ಮುಚ್ಚಿ ನಿದ್ದೆ ಮಾಡೋ ಹಲ್ಲಿ ಅಂತ ತೋರ್ಸಿ.

ಪ್ರಶ್ನೆ: ನಂದು ಕ್ರೆಸ್ಟೆಡ್ ಗೆಕ್ಕೊ. ಹೋದ ಏಪ್ರಿಲ್, ಮೇ ಎರಡು ತಿಂಗಳು ಸರಿಯಾಗಿ ತಿನ್ಲಿಲ್ಲ, ಮಳೆ ಬಿದ್ದ ಮೇಲೆ ಸರಿ ಆಯ್ತು. ಮುಂದಿನ ಬೇಸಿಗೆಗೆ ಹೀಟ್ ಮ್ಯಾಟ್ ತರ್ಲಾ?
ಓದುಗರು, ಕಾರವಾರ

ಉತ್ತರ: ಅಯ್ಯೋ ಮಾರಾಯ್ರೆ, ಬೇಡ! ನಿಮ್ಮದು ಸೆಕೆಗೆ ಊಟ ಬಿಟ್ಟಿದ್ದು. ಅದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಡಿನ ಜೀವ, ಪೂರ್ತಿ ಅಳಿದೇ ಹೋಯ್ತು ಅಂದ್ಕೊಂಡಿದ್ದು 1994ರಲ್ಲಿ ಮತ್ತೆ ಸಿಕ್ಕಿದ್ದು. 22ರಿಂದ 26 ಡಿಗ್ರಿ ಅದಕ್ಕೆ ಹಿತ, 28 ದಾಟಿದ್ರೆ ಕಷ್ಟ, ನಮ್ಮ ಕಡಲತೀರದ ಮೇ ತಿಂಗಳು ನಿಮಗೇ ಗೊತ್ತಲ್ಲ. ಮನೇಲಿ ತಂಪಾದ ಕೋಣೆಯ ನೆಲದ ಮೇಲಿಡಿ, ಕತ್ತಲಾದ ಮೇಲೆ ನೀರು ಸಿಂಪಡಿಸಿ, ಐಸ್ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿ ಮೇಲಿಡಿ. ಕಲಸಿದ ಪೌಡರ್ ಊಟ ಈ ಸೆಕೆಗೆ ಬೇಗ ಹುಳಿ ಬರತ್ತೆ, ರಾತ್ರಿ ಇಟ್ಟು ಬೆಳಿಗ್ಗೆ ಎಸೀರಿ.

ಪ್ರಶ್ನೆ: ಸಾಕಿದ ಗೆಕ್ಕೊಗೆ ಜೊತೆ ಅಂತ ಮನೆ ಹಲ್ಲಿನೂ ಒಳಗೆ ಬಿಡಬಹುದಾ?
ಓದುಗರು, ಕುಮಟಾ

ಉತ್ತರ: ಬಿಡಬೇಡಿ. ಹಲ್ಲಿಯ ಹೊಟ್ಟೆಹುಳ ಇದಕ್ಕೂ ಬರತ್ತೆ, ಇಲ್ಲಾಂದ್ರೆ ಇದೇ ಹಲ್ಲಿನ ತಿಂದು ಮುಗಿಸತ್ತೆ.