ಇಂಜೆಕ್ಷನ್ ತಪ್ಪಲಿಲ್ಲ, ಮಗ್ಗಲು ತಪ್ಪಿತು

ಪತ್ರ: ಲಕ್ವಾ ಹೊಡೆದ ನಮ್ಮ ತಂದೆಯನ್ನು ವಿಜಯಪುರದ ಆಸ್ಪತ್ರೆಯೊಂದರಲ್ಲಿ 12 ದಿನ ಇಟ್ಟಿದ್ದೆವು. ಇಂಜೆಕ್ಷನ್ ಒಂದೂ ತಪ್ಪಲಿಲ್ಲ. ಮಗ್ಗಲು ಮಾತ್ರ ಯಾರೂ ಬದಲಿಸಲಿಲ್ಲ. ಸೊಂಟದ ಕೆಳಗೆ ಹುಣ್ಣಾಗಿ ಮನೆಗೆ ಬಂದರು. ಸಿಸ್ಟರುಗಳಿಗೆ ಇಷ್ಟು ಅಸಡ್ಡೆಯೇ?
– ಓದುಗರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಸಡ್ಡೆಯವರು ಎಲ್ಲ ಕಸುಬಿನಲ್ಲೂ ಇದ್ದಾರೆ, ಸಂಪಾದಕರಲ್ಲೂ. ಆದರೆ ಅಸಡ್ಡೆಯೇ ಕಾರಣವಾಗಿದ್ದರೆ ಇಂಜೆಕ್ಷನ್ನೂ ತಪ್ಪಬೇಕಿತ್ತಲ್ಲ?

ಲೆಕ್ಕ ಹಾಕಿ ನೋಡಿ. 30 ಹಾಸಿಗೆ, ರಾತ್ರಿ ಪಾಳಿಗೆ ಇಬ್ಬರು ಸಿಸ್ಟರು, ಏಳಲಾಗದವರು 10 ಜನ ಅನ್ನೋಣ. 2 ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಚರ್ಮ ಉಜ್ಜದಂತೆ ಎತ್ತಿ ಹೊರಳಿಸಲು ಇಬ್ಬರು ಬೇಕು. ಒದ್ದೆ ಬಟ್ಟೆ ತೆಗೆದು, ದಿಂಬು ಕೊಟ್ಟು, ಮೂತ್ರದ ನಳಿಕೆ ಸರಿಮಾಡುವಷ್ಟರಲ್ಲಿ 6 ನಿಮಿಷ. 10 ಜನಕ್ಕೆ ಪ್ರತಿ 2 ತಾಸಿನಲ್ಲಿ ಒಂದು ತಾಸು. ಇಬ್ಬರ ಅರ್ಧ ಪಾಳಿ ಇಲ್ಲೇ ಮುಗಿಯಿತು! ಸಲೈನು, ಔಷಧಿ, ನಡುರಾತ್ರಿಯ ಅಡ್ಮಿಷನ್ನು, ಕೇಸ್ ಶೀಟು ಎಲ್ಲ ಉಳಿದರ್ಧದಲ್ಲಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವುದು ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬರು ಎಂದು.

ಅಮೆರಿಕದ ನರ್ಸಿಂಗ್ ಸಂಶೋಧಕಿ ಬಿಯಾಟ್ರಿಸ್ ಕಾಲಿಶ್ ನರ್ಸುಗಳನ್ನೇ ಕೂಡಿಸಿ ಕೇಳಿ 2006ರಲ್ಲಿ ಬರೆದರು. ಪದೇ ಪದೇ ಬಿಟ್ಟುಹೋಗುವ ಕೆಲಸಗಳು ಒಂಬತ್ತು ಸಿಕ್ಕವು: ನಡೆದಾಡಿಸುವುದು, ಮಗ್ಗಲು ಬದಲಿಸುವುದು, ಹೊತ್ತಿಗೆ ಉಣಿಸುವುದು, ಮೈ ಒರೆಸುವುದು, ಧೈರ್ಯ ಹೇಳುವುದು ಇತ್ಯಾದಿ. ಜನ ಕಡಿಮೆ ಅನ್ನುವುದೊಂದೇ ಕಾರಣವಲ್ಲ. ‘ಅದು ನನ್ನ ಕೆಲಸವಲ್ಲ’ ಎಂಬ ಭಾವವೂ ಇದೆ, ಒಮ್ಮೆ ಬಿಟ್ಟದ್ದು ರೂಢಿಯಾಗುವುದೂ ಇದೆ. ಅದನ್ನು ಒಪ್ಪುತ್ತೇನೆ. ಆದರೂ ಇಂಜೆಕ್ಷನ್ ತಪ್ಪಿದರೆ ಚಾರ್ಟಿನಲ್ಲಿ ಖಾಲಿ ಮನೆ ಕಾಣುತ್ತದೆ, ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು ಕೇಳುತ್ತಾರೆ. ಮಗ್ಗಲು ತಪ್ಪಿದ ರಾತ್ರಿ ಏನೂ ಕಾಣದು. ಹುಣ್ಣು ಬಾಯಿಬಿಡುವ ಹೊತ್ತಿಗೆ ಪಾಳಿ ಬೇರೆಯವರದು.

ಇಷ್ಟುದ್ದ ಪತ್ರದಲ್ಲಿ ಸಿಸ್ಟರುಗಳನ್ನು ನಾಲ್ಕು ಸಲ ಬೈದಿದ್ದೀರಿ (ಮೂರನ್ನು ಇಲ್ಲಿ ಕತ್ತರಿಸಿದ್ದೇನೆ). ಪಾಳಿಗೆ ಎಷ್ಟು ಜನ ಎಂದು ಆಸ್ಪತ್ರೆಯ ಕಚೇರಿಯಲ್ಲಿ ಒಮ್ಮೆಯಾದರೂ ಕೇಳಿದಿರಾ? ಕೇಳುವ ರೂಢಿ ನಮ್ಮ ಕಡೆ ಇಲ್ಲ. ಸ್ಕ್ಯಾನಿಂಗ್ ಯಂತ್ರ ಬಂದರೆ ರಿಬ್ಬನ್ ಕತ್ತರಿಸಲು ಗಣ್ಯರು ನೂಕಾಡುತ್ತಾರೆ, ಖಾಲಿ ಹುದ್ದೆ ತುಂಬಿದ್ದಕ್ಕೆ ರಿಬ್ಬನ್ನೇ ಇಲ್ಲ. ಮೇ 12ರ ದಾದಿಯರ ದಿನಕ್ಕೆ ಮೇಣದಬತ್ತಿ ಹಚ್ಚಿ ಶಾಲು ಹೊದಿಸಿದರೆ ದಾದಿಯರ ಋಣ ತೀರಿತು. ಶಾಲು ಹೊದ್ದವರ ಗುತ್ತಿಗೆ ಯಾವಾಗ ಮುಗಿಯುತ್ತದೆಂದು ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಮನೆಯಲ್ಲಿ ತಂದೆಯವರನ್ನು ಪೂರ್ತಿ ಪಕ್ಕಕ್ಕೆ ಮಲಗಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬಿರಲಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದಿದ್ದರೆ ಅಲ್ಲೂ ಹುಣ್ಣು ಶುರುವಾಗಿದೆ ಎಂದರ್ಥ. ಅಲ್ಲಿ ಎಣ್ಣೆ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ಹೊರಳಿಸಿದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಲ ಬರೆಯಿರಿ.